ಮೊಳೆರಾಯರು ಮಾಡಿದ ಸ್ಟೂಲು

ನಮ್ಮ ಎದುರುಮನೆಯವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದೆ. ಅದು ಅವರ ಹೆಂಡತಿಗೂ ಅವರಿಗೆ ಸಂಬಳ ಕೊಡುವ ಕಂಪನಿಗೂ ಮಾತ್ರ ಗೊತ್ತು. ಉಳಿದ ನಮಗೆಲ್ಲ ಅವರು ಮೊಳೆರಾಯರು. ಒಂದು ಮೊಳೆ ಸಾಕಾಗುವ ಕಡೆ ನಾಲ್ಕು ಹೊಡೆಯುವುದು ಅವರ ಹುಟ್ಟುಗುಣ. ಅವರ ಮನೆಯ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇದೆ. ಅದನ್ನು ಕಿತ್ತರೆ ಗೋಡೆಯೂ ಜೊತೆಗೇ ಬರುತ್ತದೆ ಎಂಬ ಭಯದಿಂದ ಪ್ರತಿವರ್ಷ ಹೊಸದನ್ನು ಅದರ ಮೇಲೆಯೇ ಹೊಡೆಯುತ್ತಾರೆ. ಈಗ ಆ ಕ್ಯಾಲೆಂಡರು ಒಂದು ದಿಂಬಿನಷ್ಟು ದಪ್ಪವಾಗಿದೆ.

ತಪ್ಪು ಅವರದಲ್ಲ, ಉದ್ಯೋಗದ್ದು. ಪಾರ್ಸೆಲ್ ಕಂಪನಿಯೊಂದರಲ್ಲಿ ಅವರು ಒಡೆದ ಸಾಮಾನುಗಳ ವಿಭಾಗದ ಗುಮಾಸ್ತರು. ಬೆಳಗಿನಿಂದ ಸಂಜೆಯವರೆಗೆ ಅವರ ಮೇಜಿನ ಮುಂದೆ ಬಂದು ನಿಲ್ಲುವುದೆಲ್ಲ ಕುತ್ತಿಗೆ ಮುರಿದ ಹೂಜಿ, ಕಾಲು ಕಳೆದುಕೊಂಡ ಕುರ್ಚಿ, ಪುಡಿಪುಡಿಯಾದ ಕನ್ನಡಿ. ಹೀಗೆ ವರ್ಷಾನುಗಟ್ಟಲೆ ಲೋಕದ ಮುರಿದ ಮುಖವನ್ನೇ ನೋಡಿದ ಮನುಷ್ಯನಿಗೆ ಲೋಕದ ಮೇಲೆ ನಂಬಿಕೆ ಹೇಗೆ ಉಳಿದೀತು? ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಯಾರಾದರೂ ಹೇಳಿದರೆ ರಾಯರು ಒಪ್ಪುವುದಿಲ್ಲ. ಮಾತಿನ ವಿಷಯ ಅವರಿಗೆ ಗೊತ್ತಿಲ್ಲ. ಮುತ್ತನ್ನು ಮಾತ್ರ ಸರಿಯಾಗಿ ಪ್ಯಾಕ್ ಮಾಡಿದ್ದರೆ ಒಡೆಯುತ್ತಲೇ ಇರಲಿಲ್ಲ ಎಂದು ಅವರ ವಾದ.

ಆ ಮನೆಯಲ್ಲಿ ಇರುವವರು ಮೂವರು. ರಾಯರು, ಅವರ ಹೆಂಡತಿ (ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ), ಮತ್ತು ಅತ್ತಿಗೆಯ ತಂದೆ. ಈ ಮುದುಕರು ಹಿಂದೆ ಒಂದು ಬ್ಯಾಂಡ್ ತಂಡದಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದವರು. ಅದನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ಮೆರವಣಿಗೆಗಳ ಮುಂದೆ ನಡೆದು ನಡೆದೇ ಅವರ ಹರೆಯ ಕಳೆದಿತ್ತು. ಕಟ್ಟಡದವರೆಲ್ಲ ಅವರನ್ನು ಡ್ರಮ್ಮಜ್ಜ ಎಂದೇ ಕರೆಯುವುದು. ಆ ತಂಡ ಯಾವಾಗಲೋ ಚದುರಿಹೋಗಿದೆ. ಕೆಲವರು ಊರು ಬಿಟ್ಟರು, ಕೆಲವರು ಲೋಕವನ್ನೇ ಬಿಟ್ಟರು. ಉಳಿದದ್ದು ಅವರ ಕೊನೆಯ ಕಾರ್ಯಕ್ರಮವನ್ನು ಯಾರೋ ಪುಣ್ಯಾತ್ಮರು ರೆಕಾರ್ಡ್ ಮಾಡಿಕೊಟ್ಟ ಒಂದು ಮೆಮೊರಿ ಕಾರ್ಡು. ಕಿರುಬೆರಳಿನ ಉಗುರಿನಷ್ಟು ಇರುವ ಆ ಕಾರ್ಡಿಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅಜ್ಜನಿಗೆ ಉಳಿದ ಸುಖವೂ ಅದೊಂದೇ.

ಆ ಸುಖಕ್ಕೆ ಎರಡು ಅಡ್ಡಿಗಳಿದ್ದವು. ಒಂದು, ಅಜ್ಜನ ಕಿವಿ ಮಂದವಾಗಿತ್ತು. ಹಾಗಾಗಿ ಸ್ಪೀಕರನ್ನು ಪೂರ್ತಿ ಜೋರಾಗಿ ಇಡಬೇಕು. ಜೋರಾಗಿ ಇಟ್ಟರೆ ಕೆಳಮನೆಯಲ್ಲಿರುವ ನಮ್ಮ ಕಟ್ಟಡದ ಸೆಕ್ರೆಟರಿ ಮೆಟ್ಟಿಲು ಹತ್ತಿ ಬರುತ್ತಾರೆ. ಎರಡು, ಬ್ಯಾಂಡು ಕೇಳಿಸಿದ ಕೂಡಲೇ ಅಜ್ಜನ ಕೈ ಸುಮ್ಮನಿರುತ್ತಿರಲಿಲ್ಲ. ಸ್ಪೀಕರನ್ನೇ ತೊಡೆಯ ಮೇಲಿಟ್ಟುಕೊಂಡು ಎರಡೂ ಅಂಗೈಯಿಂದ ಧಬಧಬ ಬಾರಿಸುತ್ತಿದ್ದರು. ಹೀಗೆ ಒಂದು ಸ್ಪೀಕರು ಬಿರುಕು ಬಿಟ್ಟು ಸತ್ತಿತು, ಇನ್ನೊಂದು ಕೆಮ್ಮುತ್ತಾ ಕೆಮ್ಮುತ್ತಾ ಸತ್ತಿತು. ಮೂರನೆಯದನ್ನು ಅತ್ತಿಗೆಯ ತಮ್ಮ ತಂದುಕೊಟ್ಟ. “ಅಪ್ಪಾ, ಇದು ಮಹಡಿ ಮೇಲಿಂದ ಬಿದ್ರೂ ಏನೂ ಆಗಲ್ಲ” ಎಂದ. ಮಹಡಿಯಿಂದ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ಅಜ್ಜನ ತೊಡೆಯ ಮೇಲೆ ಅದು ಒಂದು ವಾರವನ್ನೂ ಕಾಣಲಿಲ್ಲ.

“ಇನ್ನು ನನ್ನ ಕೈಲಾಗಲ್ಲ ಭಾವ” ಎಂದು ತಮ್ಮ ಮೂರನೆಯದರ ಅವಶೇಷಗಳನ್ನು ಪೇಪರಿನಲ್ಲಿ ಕಟ್ಟುತ್ತಾ ಹೇಳಿದ. “ಅಪ್ಪನ ಕೈಗೆ ತಡ್ಕೊಳ್ಳೋ ಸ್ಪೀಕರ್ ಪ್ರಪಂಚದಲ್ಲೇ ಇಲ್ಲ.”

ಒಡೆದ ಸಾಮಾನುಗಳ ವಿಭಾಗದವರ ಎದುರು ಆಡಬಾರದ ಮಾತು ಅದು. ರಾಯರು ಕೂತಲ್ಲಿಂದ ಎದ್ದು ನಿಂತರು.

“ಇಲ್ಲ ಅಂದ್ರೆ ನಾನು ಮಾಡ್ತೀನಿ.”

“ದಯವಿಟ್ಟು ಬೇಡ” ಎಂದರು ಅತ್ತಿಗೆ ಅಡುಗೆಮನೆಯಿಂದ. ಏನು ಮಾಡುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ, ಯಾರು ಮಾಡುತ್ತಾರೆ ಎಂದು ಗೊತ್ತಿತ್ತು.

ಮರುದಿನವೇ ರಾಯರು ನಮ್ಮ ಮನೆ ಬಾಗಿಲಿಗೆ ಬಂದು ನನ್ನ ಡ್ರಿಲ್ಲಿಂಗ್ ಮೆಷಿನ್ನನ್ನೂ ಹಳದಿ ಹಿಡಿಯ ಸ್ಕ್ರೂಡ್ರೈವರನ್ನೂ ಕೇಳಿ ಪಡೆದರು. ಆ ಸ್ಕ್ರೂಡ್ರೈವರಿನ ವಿಷಯ ಓದುಗರು ನೆನಪಿಡಬೇಕು. ನಾನಂತೂ ಮರೆತಿಲ್ಲ.

ಅವರ ಊಟದ ಮೇಜು ಕಾರ್ಖಾನೆಯಾಯಿತು. ಮನೆಯವರು ತಟ್ಟೆ ಹಿಡಿದು ಮಂಚದ ಮೇಲೆ ಕೂತು ಉಣ್ಣತೊಡಗಿದರು. ಯಂತ್ರದ ಬಿಡಿಭಾಗಗಳು ಬಂದಿದ್ದ ದಪ್ಪ ಹಲಗೆಯ ಪೆಟ್ಟಿಗೆಯೊಂದನ್ನು ರಾಯರು ಕಂಪನಿಯಿಂದ ಕೇಳಿ ತಂದರು. ಗುಜರಿಯಿಂದ ಯಾವುದೋ ಕಾರಿನ ಹಳೆಯ ದೊಡ್ಡ ಸ್ಪೀಕರು ಬಂತು. ಹಳೆಯ ಯುಪಿಎಸ್ಸಿನ ಬ್ಯಾಟರಿ ಬಂತು. ಕಾರ್ಡು ತೂರಿಸಿದ ಕೂಡಲೇ ಹಾಡತೊಡಗಿ, ಮುಗಿದ ಮೇಲೆ ಮೊದಲಿನಿಂದ ಶುರುಮಾಡುವ ಪುಟ್ಟ ಬೋರ್ಡೊಂದು ಬಂತು. ಇವೆಲ್ಲವನ್ನೂ ಜೋಡಿಸಿ, ಅಜ್ಜನ ಕಾರ್ಡನ್ನು ಹಾಕಿ, ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ಒಂದು ಸಂಜೆ ಹಾಡಿಸಿದರು. ಸುಳ್ಳು ಹೇಳಬಾರದು, ಅದ್ಭುತವಾಗಿ ಹಾಡಿತು. ತುತ್ತೂರಿ ಕೇಳಿ ನಮ್ಮ ಮನೆಯ ಲೋಟಗಳು ಕುಣಿದವು. ಅಜ್ಜ ಬಾಗಿಲಿಗೆ ಬಂದು ನಿಂತು, ಕಣ್ಣು ತುಂಬಿಕೊಂಡು, “ಇದು ನಮ್ಮದೇ, ನಮ್ಮದೇ” ಎಂದರು. ಸೆಕ್ರೆಟರಿಯೂ ಬಂದು ನಿಂತು, “ಇದು ಯಾರದು?” ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಬೇರೆ ಯಾರೇ ಆದರೂ ಮುಗಿಯಿತು ಎನ್ನುವ ಜಾಗದಲ್ಲಿ ರಾಯರ ಕೆಲಸ ಶುರುವಾಗುತ್ತದೆ.

ಮೊದಲು ನೀರಿನ ಪರೀಕ್ಷೆ. ಸ್ಪೀಕರಿನ ಬಾಯಿಯಿಂದ ನೀರು ಒಳಗೆ ಹೋಗಬಹುದು ಎಂದು ಅದರ ಮೇಲೆ ಲಾರಿಯ ಟ್ಯೂಬಿನ ರಬ್ಬರನ್ನು ಬಿಗಿದರು. ಮಾವನ ಗುದ್ದಿಗೆ ರಬ್ಬರು ಹರಿಯಬಹುದು ಎಂದು ರಬ್ಬರಿನ ಮೇಲೆ ಕಬ್ಬಿಣದ ತಗಡು ಜಡಿದರು. ಆಗ ಬ್ಯಾಂಡು ಕಂಬಳಿ ಹೊದ್ದುಕೊಂಡು ಬಾರಿಸಿದ ಹಾಗೆ ಕೇಳಿಸತೊಡಗಿತು. ಬಿದ್ದಾಗ ಒಳಗಿನ ಸಾಮಾನು ಅಲುಗಬಾರದು ಎಂದು ಸಂದಿಗಳಿಗೆಲ್ಲ ಹಳೆಯ ಹಾಸಿಗೆಯ ಹತ್ತಿ ತುಂಬಿದರು. ಸ್ವಿಚ್ಚಿನ ತೂತಿನಿಂದ ನೀರು ಜಿನುಗಿದ್ದು ಕಂಡು ಸ್ವಿಚ್ಚನ್ನು ಒಳಗೇ ಹಾಕಿ, ಆನ್ ಮಾಡಿ, ತೂತಿಗೆ ಎಪಾಕ್ಸಿ ಅಂಟು ಮೆತ್ತಿದರು. ಆಮೇಲೆ ಮುಚ್ಚಳ ಇಟ್ಟು ಸುತ್ತಲೂ ಸ್ಕ್ರೂ, ಸ್ಕ್ರೂಗಳ ಮೇಲೆ ಎಪಾಕ್ಸಿ, ಎಪಾಕ್ಸಿಯ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಮತ್ತೆ ಮೊಳೆ. ಹೊರಗೆ ಉಳಿದದ್ದು ಎತ್ತಲು ಎರಡು ಹಿಡಿ, ನಿಲ್ಲಲು ನಾಲ್ಕು ಕಬ್ಬಿಣದ ಪಾದ, ಪಕ್ಕದಲ್ಲಿ ಎರಡು ಬೋಲ್ಟಿನ ತಲೆ.

“ಈ ಬೋಲ್ಟಿಗೆ ಚಾರ್ಜರಿನ ಕ್ಲಿಪ್ಪು ಕಚ್ಚಿಸಿದ್ರೆ ಸಾಕು, ಬ್ಯಾಟರಿ ತುಂಬುತ್ತೆ” ಎಂದು ಅಜ್ಜನಿಗೆ ಕೂಗಿ ಕೂಗಿ ವಿವರಿಸಿದರು. “ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗ್ಬಹುದು ಮಾವ!”

ತೆಗೆದುಕೊಂಡು ಹೋಗಬಹುದಿತ್ತು, ನಿಜ. ಇಬ್ಬರು ಬೇಕಿತ್ತು, ಆ ಇಬ್ಬರಲ್ಲಿ ಒಬ್ಬರಿಗೆ ಸೊಂಟ ಗಟ್ಟಿಯಿರಬೇಕಿತ್ತು.

ಉದ್ಘಾಟನೆಗೆ ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕರೆದರು. ಅತ್ತಿಗೆಯ ತಮ್ಮ ಬಂದ. ಸೆಕ್ರೆಟರಿ ಬಂದರು. ನಾನು ಸ್ಕ್ರೂಡ್ರೈವರ್ ಕೇಳಲು ಬಂದೆ. ರಾಯರು ಒಂದು ಸಣ್ಣ ಭಾಷಣ ಮಾಡಿ, ನನ್ನಿಂದ ಒಂದು ಕಡೆ ಹಿಡಿಸಿ, ಪೆಟ್ಟಿಗೆಯನ್ನು ಮೆಟ್ಟಿಲಿನಿಂದ ಕೆಳಗೆ ಉರುಳಿಸಿದರು. ಅದು ಧಡಲ್ ಧಡಲ್ ಎಂದು ಉರುಳಿ, ಕೆಳಗಿನ ಮೆಟ್ಟಿಲಿನ ಅಂಚನ್ನು ಕಿತ್ತು, ಸೆಕ್ರೆಟರಿಯ ಬಾಗಿಲಿಗೆ ಢಿಕ್ಕಿ ಕೊಟ್ಟು ನಿಂತಿತು. ಎಲ್ಲರೂ ಕೆಳಗೆ ಓಡಿದೆವು. ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ.

“ನೋಡಿದ್ರಾ?” ಎಂದರು ರಾಯರು.

“ಮೆಟ್ಟಿಲು ನೋಡಿದೆ” ಎಂದರು ಸೆಕ್ರೆಟರಿ.

ಅದನ್ನು ಅಂಗಳದ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಗುಳ್ಳೆಯೂ ಬರಲಿಲ್ಲ. ಒಳಕ್ಕೆ ತಂದು ಒರೆಸಿ ನಡುಮನೆಯಲ್ಲಿಟ್ಟರು. ಅದರೊಳಗೆ ಏನೋ ಕಿಣಿಕ್ ಎಂದಿತು. ಆಗಲೇ ನನ್ನ ಎದೆಯೂ ಕಿಣಿಕ್ ಎಂದಿತು, ಆ ಸದ್ದು ನನಗೆ ಪರಿಚಯದ್ದು.

“ರಾಯರೇ, ನನ್ನ ಸ್ಕ್ರೂಡ್ರೈವರ್...”

“ಆಮೇಲೆ, ಆಮೇಲೆ.”

“ಎಲ್ಲ ಸರಿ ಭಾವ, ಇನ್ನು ಹಾಡಿಸಿ” ಎಂದ ಅತ್ತಿಗೆಯ ತಮ್ಮ.

“ಹಾಡ್ತಾನೇ ಇದೆ” ಎಂದರು ರಾಯರು.

ಎಲ್ಲರೂ ಕಿವಿಗೊಟ್ಟೆವು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಫ್ರಿಜ್ಜು ಗೊರಕೆ ಹೊಡೆಯುವುದು ಕೇಳಿಸಿತು. ರಾಯರು ಬಗ್ಗಿ ತಗಡಿಗೆ ಕಿವಿ ಹತ್ತಿಸಿದರು. ಆ ಕಿವಿಯೊಳಗೆ ತೊಟ್ಟಿಯ ನೀರು ಹೋಗಿದ್ದರಿಂದ ಅವರಿಗೆ ಗುಂಯ್ ಎಂಬ ತಮ್ಮದೇ ಕಿವಿಯ ಸದ್ದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಅವರ ಮುಖದ ಬಣ್ಣ ಇಳಿಯುತ್ತಾ ಹೋದದ್ದನ್ನು ನಾವೆಲ್ಲ ನೋಡಿದೆವು. ಮೆಟ್ಟಿಲಿನಿಂದ ಉರುಳಿದ್ದಕ್ಕೆ ಒಳಗಿನ ತಂತಿ ಕಿತ್ತುಹೋಗಿದೆ ಎಂದು ಅವರು ತೀರ್ಮಾನಿಸಿದರು. ಪೆಟ್ಟಿಗೆ ಉಳಿದಿತ್ತು, ಹಾಡು ಒಡೆದಿತ್ತು.

ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯರು ಸೋಲನ್ನು ಒಪ್ಪಿಕೊಳ್ಳುತ್ತಾರೆ. ಮೊಳೆರಾಯರು ಮಧ್ಯಮ ಗಾತ್ರದ ಮನುಷ್ಯರು. ನಿಧಾನವಾಗಿ ನೆಟ್ಟಗಾಗಿ, ಅಂಗಿ ಕೊಡವಿಕೊಂಡು, “ಇದು ಸ್ಟೂಲು” ಎಂದರು.

“ಏನು?”

“ಸ್ಟೂಲು. ಮಾವನಿಗೆ ಕೂತ್ಕೊಳ್ಳೋಕೆ ಒಂದು ಗಟ್ಟಿ ಸ್ಟೂಲು ಬೇಕಿತ್ತು.”

“ಸ್ಪೀಕರ್ ಅಂದಿದ್ರಲ್ಲ ಭಾವ?”

“ಸ್ಪೀಕರನ್ನ ಯಾರಾದ್ರೂ ಮೆಟ್ಟಿಲಿಂದ ಉರುಳಿಸ್ತಾರೇನೋ?”

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಎಲ್ಲರೂ ಹೋದ ಮೇಲೆ ಅತ್ತಿಗೆ ಮೆಲ್ಲಗೆ ಕೇಳಿದರು. ನಾನು ಇನ್ನೂ ಸ್ಕ್ರೂಡ್ರೈವರಿಗಾಗಿ ಬಾಗಿಲಲ್ಲೇ ನಿಂತಿದ್ದೆ.

“ಅಪ್ಪನ ಕಾರ್ಡು?”

ರಾಯರು ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು.

ಅದನ್ನು ಬಿಚ್ಚಲು ಆ ಮಧ್ಯಾಹ್ನ ರಾಯರು ಪಟ್ಟ ಪಾಡು ಹೇಳತೀರದು. ನನ್ನ ಡ್ರಿಲ್ಲಿನ ಬಿಟ್ಟುಗಳು ಮುರಿದವು. ಗರಗಸದ ಹಲ್ಲು ಉದುರಿತು. ಸುತ್ತಿಗೆಯ ತಲೆ ಹಾರಿ ಕ್ಯಾಲೆಂಡರಿಗೆ ತಗುಲಿತು, ಕ್ಯಾಲೆಂಡರು ಜಗ್ಗಲಿಲ್ಲ. ಕಂಪನಿಯ ಗೋದಾಮಿನಲ್ಲಿ ಏನು ಕೊಟ್ಟರೂ ಒಡೆದುಹಾಕುವುದಕ್ಕೆ ಹೆಸರಾದ ಇಬ್ಬರು ಹಮಾಲಿಗಳನ್ನು ಕರೆಸಿದರು. ಅವರು ಅದನ್ನು ಎರಡು ಸಲ ಎತ್ತಿಹಾಕಿ, ನೆಲದ ಟೈಲ್ಸು ಒಡೆದು, “ಇದನ್ನ ಯಾರು ಮಾಡಿದ್ದು ಸಾರ್? ನಮ್ಮ ಕೈಲಿ ಒಡೀದೇ ಇರೋದು ಇದೇ ಮೊದಲು” ಎಂದು ನಮಸ್ಕಾರ ಹಾಕಿ ಹೋದರು. ಇಷ್ಟು ದಿನ ರಾಯರು ಕನಸಿನಲ್ಲಿ ಕೇಳಿದ ಮೆಚ್ಚುಗೆ ಅದು. ಬಂದ ಹೊತ್ತು ಮಾತ್ರ ಸರಿಯಿರಲಿಲ್ಲ.

ಇನ್ನು ಡ್ರಮ್ಮಜ್ಜ. ಅವರು ಏನೂ ಕೇಳಲಿಲ್ಲ. ಅಳಿಯ ಪ್ರೀತಿಯಿಂದ ಮಾಡಿದ ಸ್ಟೂಲು ಎಂದ ಮೇಲೆ ಕೂರದಿದ್ದರೆ ತಪ್ಪಾಗುತ್ತದೆ ಎಂದು ಆ ಸಂಜೆಯೇ ಕಿಟಕಿಯ ಬಳಿ ಅದನ್ನು ಸರಿಸಿಕೊಂಡು ಕೂತರು. ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದವರು ನೇರ ಅಲ್ಲಿಗೇ ಹೋಗಿ ಕೂತರು. ಬೇರೆ ಯಾರಾದರೂ ಕೂರಲು ಬಂದರೆ, “ಇದು ನಂದು, ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ” ಎನ್ನುತ್ತಿದ್ದರು. ರಾಯರಂತೂ ಅದರ ಮುಖ ನೋಡಲೂ ಹೆದರಿ ಗೋಡೆ ಹಿಡಿದು ಓಡಾಡುತ್ತಿದ್ದರು.

ಅದೇ ದಿನಗಳಲ್ಲಿ ಸೆಕ್ರೆಟರಿಯ ಮನೆಯ ಮೇಲ್ಛಾವಣಿ ಗುಂಯ್‌ಗುಡತೊಡಗಿತು. ಅವರು ಮೊದಲು ತಮ್ಮ ಫ್ಯಾನು ನಿಲ್ಲಿಸಿದರು, ಆಮೇಲೆ ಕಟ್ಟಡದ ಪಂಪು ನಿಲ್ಲಿಸಿದರು. ಗುಂಯ್ ನಿಲ್ಲಲಿಲ್ಲ. ಪ್ಲಂಬರ್ ಬಂದು ಎಲ್ಲರ ಮನೆಯ ಪೈಪಿಗೂ ಕಿವಿಗೊಟ್ಟು ತೀರ್ಪು ಕೊಟ್ಟ.

“ಪೈಪಲ್ಲಿ ಗಾಳಿ ಸೇರ್ಕೊಂಡಿದೆ ಸಾರ್.”

“ಗಾಳಿ ಹೀಗೆ ಶಬ್ದ ಮಾಡುತ್ತೇನಪ್ಪ?”

“ಮಾಡುತ್ತೆ ಸಾರ್. ಆದ್ರೆ ನಿಮ್ಮ ಗಾಳಿ ಸ್ವಲ್ಪ ಶಿಸ್ತಿಂದು. ಧಂ, ಧಂ, ಧಧಂ ಅಂತ ಲೆಕ್ಕ ತಪ್ಪದೆ ಬರ್ತಿದೆ.”

ಅವನು ಪೈಪು ಬಿಚ್ಚಿದ. ಕಟ್ಟಡಕ್ಕೆಲ್ಲ ನೀರು ನಿಂತಿತು. ಅಷ್ಟರಲ್ಲಿ ಬಿಸಿಲು ಬಂತೆಂದು ಡ್ರಮ್ಮಜ್ಜ ಸ್ಟೂಲನ್ನು ಕಿಟಕಿಯಿಂದ ಇನ್ನೊಂದು ಮೂಲೆಗೆ ಸರಿಸಿಕೊಂಡರು. ಕೆಳಗೆ ಗುಂಯ್ ಕೂಡ ಆ ಮೂಲೆಗೆ ಹೋಯಿತು. ಪ್ಲಂಬರ್ ಏಣಿ ಹೊತ್ತುಕೊಂಡು ಅದರ ಹಿಂದೆ ಹೋದ. ಸಂಜೆ ಅಜ್ಜ ಗಾಳಿಗೆಂದು ಸ್ಟೂಲನ್ನು ತಳ್ಳಿಕೊಂಡು ಬಾಲ್ಕನಿಗೆ ಬಂದರು, ಗುಂಯ್ ಸೆಕ್ರೆಟರಿಯ ಬಾಲ್ಕನಿಗೆ ಬಂತು. ಪ್ಲಂಬರ್ ಏಣಿಯನ್ನು ಅಲ್ಲೇ ಬಿಟ್ಟು, “ಇದು ನಮ್ಮ ಲೈನಲ್ಲ ಸಾರ್, ನೀವು ಬೇರೆ ಯಾರನ್ನಾದ್ರೂ ನೋಡಿ” ಎಂದು ಹೊರಟುಹೋದ. ಅವನ ದನಿಯಲ್ಲಿ ಇದ್ದದ್ದು ಭಯ.

ಸೆಕ್ರೆಟರಿ ಮೇಲೆ ಬಂದು, “ನಿಮ್ಮನೇಲಿ ಏನಾದ್ರೂ ಮಷಿನ್ ಓಡ್ತಿದೆಯಾ?” ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. “ಮಷಿನ್ನಾ? ಇರೋದು ಒಂದು ಸ್ಟೂಲು” ಎಂದು ರಾಯರು ಯಾರೂ ಕೇಳದಿದ್ದರೂ ಸ್ಟೂಲಿನ ಹೆಸರೆತ್ತಿದರು.

“ಏನೂ ಇಲ್ಲ” ಎಂದರು ಅತ್ತಿಗೆ. “ಆದ್ರೆ ಅಪ್ಪ ಆ ಚಾರ್ಜರನ್ನ ಯಾವಾಗ್ಲೂ ಪ್ಲಗ್ಗಲ್ಲೇ ಬಿಟ್ಟಿರ್ತಾರೆ, ಯಾಕೋ.” ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ಅತ್ತಿಗೆಗೆ ಇದ್ದ ಚಿಂತೆಯೇ ಬೇರೆ. “ಅಪ್ಪನ್ನ ನೋಡಿದ್ರಾ ನೀವು?” ಎಂದು ನನ್ನನ್ನು ಕೇಳಿದರು.

ನೋಡಿದೆ. ಅಜ್ಜ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಎರಡೂ ಕೆನ್ನೆ ಸಣ್ಣಗೆ ನಡುಗುತ್ತಿದ್ದವು. ಗಲ್ಲದ ಕೆಳಗಿನ ಚರ್ಮವೂ ನಡುಗುತ್ತಿತ್ತು. ಕೈಗಳು ಮಂಡಿಯ ಮೇಲೆ ಬಡಿಯುತ್ತಿದ್ದವು. ಇದ್ದಕ್ಕಿದ್ದಂತೆ ಮುಗುಳ್ನಕ್ಕರು. ಆಮೇಲೆ ಕಣ್ಣಂಚಿನಿಂದ ನೀರು ಇಳಿಯಿತು.

“ಹಾಡು ಹೋಯ್ತು ಅನ್ನೋ ಕೊರಗು” ಎಂದರು ಅತ್ತಿಗೆ. “ಒಳಗೊಳಗೇ ಹಚ್ಕೊಂಡುಬಿಟ್ಟಿದ್ದಾರೆ.”

ಮೂಲೆಯಲ್ಲಿ ನಿಂತ ರಾಯರು ಕೇಳಿಸಿಕೊಂಡರು. ಅಂದು ಅವರು ಊಟ ಬಿಟ್ಟರು. ಮನುಷ್ಯ ಪೆದ್ದನಿರಬಹುದು, ಕಟುಕನಲ್ಲ.

ಇಲಿ ಹೋದರೆ ಹುಲಿ ಹೋಯಿತು ಎನ್ನುವ ಕಟ್ಟಡ ನಮ್ಮದು. ಮೊದಲ ಮಹಡಿಯಲ್ಲಿ ಅಜ್ಜನಿಗೆ ನಡುಕ ಎಂಬ ಸುದ್ದಿ ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಅಜ್ಜನಿಗೆ ಅರ್ಧ ಅಂಗ ಬಿದ್ದುಹೋಗಿತ್ತು. ನನ್ನ ಹೆಂಡತಿ ಗಂಜಿ ಮಾಡಿ ಕಳಿಸಿದಳು. ಅತ್ತಿಗೆಯ ತಮ್ಮ ಪೇಟೆಯ ಡಾಕ್ಟರನ್ನೇ ಕರೆದುಕೊಂಡು ಓಡಿಬಂದ. ಸೆಕ್ರೆಟರಿ ಹಿಂದೆಯೇ ಬಂದರು. ನಾನು ಸ್ಕ್ರೂಡ್ರೈವರಿನ ನೆಪದಲ್ಲಿ ಒಳಗೆ ಸೇರಿಕೊಂಡೆ.

ಡಾಕ್ಟರು ಗಂಭೀರ ಮನುಷ್ಯರು. ನಗುವುದಕ್ಕೂ ಚೀಟಿ ಬರೆದುಕೊಡುವವರ ಹಾಗೆ ಕಾಣುತ್ತಿದ್ದರು. ಅಜ್ಜ ಸ್ಟೂಲು ಬಿಟ್ಟು ಏಳಲು ಒಪ್ಪಲಿಲ್ಲ. “ಪರವಾಗಿಲ್ಲ, ಕೂತೇ ಇರಲಿ” ಎಂದು ಡಾಕ್ಟರು ಸ್ಟೆತಾಸ್ಕೋಪು ಕಿವಿಗೆ ಸಿಕ್ಕಿಸಿ ಅಜ್ಜನ ಬೆನ್ನಿಗೆ ಒತ್ತಿದರು.

“ಉಸಿರು ಎಳ್ಕೊಳ್ಳಿ... ಬಿಡಿ... ಎಳ್ಕೊಳ್ಳಿ...”

ಅಲ್ಲಿಗೆ ನಿಂತರು. ಹುಬ್ಬು ಮೇಲೆ ಹೋಯಿತು. ಸ್ಟೆತಾಸ್ಕೋಪನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಕಿವಿಯಿಂದ ತೆಗೆದು, ಕೊಡವಿ, ಊದಿ, ಮತ್ತೆ ಸಿಕ್ಕಿಸಿದರು.

“ಡಾಕ್ಟ್ರೇ, ಹೃದಯ ಹೇಗಿದೆ?” ಎಂದರು ಅತ್ತಿಗೆ.

“ಹೃದಯ...” ಎಂದರು ಡಾಕ್ಟರು ಎಲ್ಲೋ ನೋಡುತ್ತಾ, “ತಾಳ ತಪ್ಪಿಲ್ಲ.”

“ಮತ್ತೆ?”

“ಬಲಗಡೆ ಶ್ವಾಸಕೋಶದಲ್ಲಿ... ತುತ್ತೂರಿ ಇದೆ.”

ಡಾಕ್ಟರು ಸ್ಟೆತಾಸ್ಕೋಪನ್ನು ತಮ್ಮದೇ ಎದೆಗೆ ಇಟ್ಟುಕೊಂಡು ಕೇಳಿದರು. ಅಲ್ಲಿ ಲಬ್ ಡಬ್ ಎಂಬ ಬಡ ಸಂಗೀತ ಮಾತ್ರವಿತ್ತು. ಮತ್ತೆ ಅಜ್ಜನಿಗೆ ಇಟ್ಟರು. ಈಗ ಡಾಕ್ಟರ ಕಾಲಿನ ಹೆಬ್ಬೆರಳು ತಾನೇ ತಾನಾಗಿ ತಾಳ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

“ಮೂವತ್ತು ವರ್ಷದ ಅನುಭವದಲ್ಲಿ ಇಂಥದ್ದು ನೋಡಿಲ್ಲ” ಎಂದರು. “ಮನೇಲಿ ಬೇರೆ ಯಾರಿಗಾದ್ರೂ ಇದೆಯಾ? ಇವರ ಹತ್ತಿರದವರು ಒಬ್ಬರು ಬನ್ನಿ.”

ಅಜ್ಜನನ್ನು ಬಲವಂತವಾಗಿ ಎಬ್ಬಿಸಿ ಮಂಚಕ್ಕೆ ಸಾಗಿಸಿದರು. ಹತ್ತಿರ ಬೇರೆ ಆಸನವಿಲ್ಲದ್ದರಿಂದ ಡಾಕ್ಟರು ರಾಯರ ಭುಜ ಹಿಡಿದು ಸ್ಟೂಲಿನ ಮೇಲೆ ಕುಳ್ಳಿರಿಸಿ ಬೆನ್ನಿಗೆ ಸ್ಟೆತಾಸ್ಕೋಪು ಒತ್ತಿದರು. ಒತ್ತಿದವರು ಹಾವು ತುಳಿದವರ ಹಾಗೆ ಹಿಂದೆ ಹಾರಿದರು.

“ಇವರಿಗೂ ಹತ್ತಿದೆ! ಇದು ಅಂಟುರೋಗ!”

ಸೆಕ್ರೆಟರಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲಿನ ಹೊರಗೆ ಹೋದರು. ಅಲ್ಲಿಂದಲೇ, “ಕಟ್ಟಡಕ್ಕೆ ಬೀಗ ಹಾಕ್ಬೇಕಾ ಡಾಕ್ಟ್ರೇ?” ಎಂದು ಕೂಗಿದರು. ಅತ್ತಿಗೆಯ ತಮ್ಮ ಭಾವನಿಂದ ದೂರ ಸರಿಯಲು ಹೋಗಿ ಪ್ಲಂಬರ್ ಬಿಟ್ಟುಹೋದ ಏಣಿಯನ್ನು ಎಡವಿದ. ಅದನ್ನು ಸೆಕ್ರೆಟರಿಯ ಬಾಲ್ಕನಿಯಿಂದ ಇಲ್ಲಿಗೆ ಯಾರು ತಂದಿಟ್ಟರು ಎಂಬುದು ಇವತ್ತಿಗೂ ಗೊತ್ತಿಲ್ಲ.

ಈ ಗದ್ದಲದ ನಡುವೆ ಮೊಳೆರಾಯರು ಮಾತ್ರ ಕೂತಲ್ಲೇ ಕೂತಿದ್ದರು. ಅವರ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಕೆನ್ನೆ ನಡುಗತೊಡಗಿತು. ಕೈ ಮಂಡಿಗೆ ಹೋಯಿತು.

“ಹಾಡ್ತಾ ಇದೆ” ಎಂದರು ಪಿಸುಮಾತಿನಲ್ಲಿ. ಆಮೇಲೆ ಮನೆ ಹಾರಿಹೋಗುವ ಹಾಗೆ ಕೂಗಿದರು: “ಲೇ, ಇಲ್ಲಿ ಬಾರೇ! ಸ್ಪೀಕರ್ ಹಾಡ್ತಾ ಇದೆ! ಅವತ್ತಿಂದ ಹಾಡ್ತಾನೇ ಇದೆ!”

“ಸ್ಟೂಲು ಅಂದಿದ್ರಲ್ಲ ಭಾವ?” ಎಂದ ಅತ್ತಿಗೆಯ ತಮ್ಮ ನೆಲದಿಂದ.

ಉತ್ತರ ಕೊಡುವ ಸ್ಥಿತಿಯಲ್ಲಿ ರಾಯರು ಇರಲಿಲ್ಲ. ಅವರು ಅಳುತ್ತಿದ್ದರು, ನಗುತ್ತಿದ್ದರು, ತಾಳವನ್ನೂ ಹಾಕುತ್ತಿದ್ದರು. ಅತ್ತಿಗೆ ಅವರನ್ನು ತಳ್ಳಿ ತಾವು ಕೂತರು. ಕೂತವರ ಮುಖ ಅರಳಿತು. ಕಿವಿಗೆ ಏನೂ ಇಲ್ಲ. ಆದರೆ ಕೂತಲ್ಲಿಂದ ಬೆನ್ನುಮೂಳೆ ಹತ್ತಿ, ಎದೆ ಹೊಕ್ಕು, ಹಲ್ಲಿನ ತನಕ ಬಂದು ಇಡೀ ಬ್ಯಾಂಡು ಬಾರಿಸುತ್ತಿತ್ತು. ಅತ್ತಿಗೆಯ ತಮ್ಮ ಕೂತ. ನಾನು ಕೂತೆ. ಡಾಕ್ಟರು ರೋಗನಿರ್ಣಯಕ್ಕೆ ಅಗತ್ಯ ಎಂದು ಎರಡು ಸಲ ಕೂತರು. ಸೆಕ್ರೆಟರಿ ಕರವಸ್ತ್ರ ತೆಗೆದು ಬಹಳ ಹೊತ್ತು ಕೂತು, ಒಂದು ಹಾಡು ಮುಗಿಯುವ ತನಕ ಏಳದೆ, ಎದ್ದ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: “ಸಂಘದ ನಿಯಮದಲ್ಲಿ ಶಬ್ದದ ಬಗ್ಗೆ ಇದೆ. ನಡುಕದ ಬಗ್ಗೆ ಏನೂ ಇಲ್ಲ.” ನಾಲ್ಕು ಪಾದದ ಕೆಳಗೂ ಒಂದೊಂದು ಹಳೆ ಚಪ್ಪಲಿ ಇಟ್ಟರೆ ತಮ್ಮ ಛಾವಣಿಯ ಮಟ್ಟಿಗೆ ತಕರಾರಿಲ್ಲ ಎಂದೂ ಸೇರಿಸಿದರು.

ರಾಯರಿಗೆ ಧೈರ್ಯ ಮರಳಿತು. ಅಂಗಿ ಕೊಡವಿಕೊಂಡರು. “ನಾನು ಮೊದಲೇ ಯೋಚನೆ ಮಾಡಿದ್ದೆ” ಎಂದು ಶುರುಮಾಡಿದರು. “ಮಾವನಿಗೆ ಕಿವಿ ಮಂದ. ಆದ್ದರಿಂದ ಕಿವಿ ಮೂಲಕ ಅಲ್ಲದೆ...”

“ಸಾಕು, ಬಾಯ್ಮುಚ್ಚಿ” ಎಂದರು ಅತ್ತಿಗೆ, ಪ್ರೀತಿಯಿಂದ.

ಅಷ್ಟರಲ್ಲಿ ಅಜ್ಜ ಮಂಚದಿಂದ ಇಳಿದು ಬಂದು ನಮ್ಮನ್ನೆಲ್ಲ ಬದಿಗೆ ಸರಿಸಿ ತಮ್ಮ ಜಾಗದಲ್ಲಿ ಕೂತರು. ಅತ್ತಿಗೆ ಅವರ ಕಿವಿಯ ಹತ್ತಿರ ಬಗ್ಗಿ ಕೂಗಿದರು.

“ಅಪ್ಪಾ! ನಿಂಗೆ ಮೊದಲೇ ಗೊತ್ತಿತ್ತಾ?”

“ಕೂತ ಕೂಡ್ಲೇ ಗೊತ್ತಾಯ್ತು” ಎಂದರು ಅಜ್ಜ. “ಡ್ರಮ್ಮನ್ನ ನಾನು ಕಿವೀಲಿ ಯಾವತ್ತು ಕೇಳಿದ್ದೆ ತಾಯಿ? ಹೊಟ್ಟೆ ಮೇಲೆ ಕಟ್ಕೊಂಡು ಬಾರಿಸಿದೋನು ನಾನು. ಅದು ಹೊಟ್ಟೇಲೇ ಕೇಳೋದು. ಆ ಅಂಗಡಿ ಡಬ್ಬಗಳಲ್ಲಿ ತುತ್ತೂರಿ ಬರ್ತಿತ್ತು, ನಾನು ಬರ್ತಿರಲಿಲ್ಲ. ಇದರಲ್ಲಿ ನಾನಿದ್ದೀನಿ. ದಿನಾ ಸಂಜೆ ಕ್ಲಿಪ್ಪು ಹಾಕೋದೂ ನಾನೇ.”

“ಮತ್ತೆ ಯಾಕೆ ಹೇಳಲಿಲ್ಲ ಮಾವ?” ಎಂದು ರಾಯರು ಕೂಗಿದರು. ದನಿಯಲ್ಲಿ ಅಳು ಇನ್ನೂ ಆರಿರಲಿಲ್ಲ. “ನಾನು ಊಟ ಬಿಟ್ಟೆ, ನಿದ್ದೆ ಬಿಟ್ಟೆ!”

ಅಜ್ಜ ಅಳಿಯನ ಕ್ಷೇಮಕ್ಕಿಂತ ಹಾಡಿನ ಕ್ಷೇಮ ಮುಖ್ಯ ಎಂದುಕೊಂಡವರ ಹಾಗೆ ಸ್ವಲ್ಪ ನಾಚಿದರು. “ಸ್ಟೂಲು ಅಂತ ಅಷ್ಟು ಜನರ ಎದುರಿಗೆ ಹೇಳಿದ್ರಿ ಅಳಿಯಂದ್ರೇ. ನಿಮ್ಮ ಮಾತು ತೆಗೆದುಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ” ಎಂದರು. ಆಮೇಲೆ ತಡೆಯಲಾರದೆ ನಿಜವನ್ನೂ ಹೇಳಿದರು: “ಅಲ್ಲದೆ, ಹಾಡ್ತಿದೆ ಆದ್ರೆ ಹೊರಗೆ ಕೇಳ್ತಿಲ್ಲ ಅಂತ ನಿಮಗೆ ಗೊತ್ತಾದ್ರೆ, ರಿಪೇರಿ ಮಾಡೋಕೆ ಕೂತ್ಬಿಡ್ತೀರೇನೋ ಅಂತ ಭಯ ಆಯ್ತು.”

ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟರು. ರಾಯರೂ ನಕ್ಕರು, ಅರ್ಥವಾದ ಮೇಲೆ.

ಈಗ ಆ ಸ್ಟೂಲು ಬಾಲ್ಕನಿಯಲ್ಲಿ ನಾಲ್ಕು ಹಳೆಯ ಚಪ್ಪಲಿ ತೊಟ್ಟು ನಿಂತಿದೆ. ಅಜ್ಜ ಅದರ ಮೇಲೆ ಕೂತು, ಪಕ್ಕದ ಹಲಗೆಗೆ ಎರಡೂ ಅಂಗೈಯಿಂದ ಮನಸ್ಸು ತೃಪ್ತಿಯಾಗುವಷ್ಟು ಬಾರಿಸುತ್ತಾರೆ. ಅದು ಜಗ್ಗುವುದಿಲ್ಲ. ಅಜ್ಜ ಊಟಕ್ಕೆ ಎದ್ದಾಗ ಸೆಕ್ರೆಟರಿ ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ.

ಮೊನ್ನೆ ನಾನೂ ಕೂತಿದ್ದೆ. ಎರಡನೆಯ ಹಾಡಿನಲ್ಲಿ ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಒಳಗೆ ಕಿಣಿಕ್, ಕಿಣಿಕ್ ಎಂದಿತು. ಕೊನೆಗೂ ಸಾಕ್ಷಿ ಸಿಕ್ಕಿತು ಎಂದು ನಾನು ಅಜ್ಜನ ಕಿವಿಗೆ ಕೂಗಿದೆ.

“ಅಜ್ಜ, ಅದು ನನ್ನ ಸ್ಕ್ರೂಡ್ರೈವರ್! ರಾಯರು ಒಳಗೇ ಬಿಟ್ಟು ಮುಚ್ಚಿಬಿಟ್ಟಿದ್ದಾರೆ!”

ಅಜ್ಜ ನನ್ನ ಕೈ ಹಿಡಿದುಕೊಂಡರು. “ಇರ್ಲಿ ಬಿಡಪ್ಪ” ಎಂದರು. “ನಮ್ಮ ಬ್ಯಾಂಡಲ್ಲಿ ಕಂಚಿನ ತಾಳ ಬಾರಿಸೋನೊಬ್ಬ ಇರಲಿಲ್ಲ. ಅದೊಂದು ಕೊರತೆ ಕೊನೇ ತನಕ ಇತ್ತು.”

ಆಮೇಲೆ ನಾನು ಅದನ್ನು ವಾಪಸು ಕೇಳಿಲ್ಲ. ಹೊಸ ಸ್ಕ್ರೂಡ್ರೈವರೊಂದನ್ನು ಕೊಂಡುಕೊಂಡೆ. ಅದನ್ನು ನೋಡಿದ ಕೂಡಲೇ ಮೊಳೆರಾಯರು ಬಂದು, ಹಿಡಿ ಸ್ವಲ್ಪ ಸಡಿಲವಿದೆ, ಕೊಡಿ, ಭದ್ರ ಮಾಡಿಕೊಡುತ್ತೇನೆ ಎಂದರು. ನಾನು ಕೊಡಲಿಲ್ಲ.